ಕೆಳಗೆ ಬರೆಯುತ್ತೇವೆ

ಮನೆ ಕಟ್ಟಿ ನೋಡು ಅಂದವರು
ಕೆಡವಿ ನೋಡು ಅಂತ ಯಾಕೆ ಹೇಳಲಿಲ್ಲವೋ.

ನವೆಂಬರಿನಲ್ಲಿ ವೆಂಡೆಲ್ ಟ್ರಾಸ್ಕ್ ಬಂದ,
ಕಿವಿಯ ಸಂದಿಗೆ ಪೆನ್ಸಿಲ್, ಬಾಯಿತುಂಬ ‘ಆರೇ ವಾರ’.
ನೆಲಮಾಳಿಗೆಯ ಸೌನಾ, ಪಕ್ಕದ ಬಚ್ಚಲು,
ಫಿನ್‌ಲೆಂಡಿನಿಂದ ಬಂದ ನನ್ನ ಮಾವ ಕೈಯಾರೆ ಹೊಡೆದ ಹಲಗೆ,
ಎಲ್ಲ ಎರಡು ದಿನದಲ್ಲಿ ಕಿತ್ತು
ಹಿತ್ತಲ ಹಿಮದಲ್ಲಿ ರಾಶಿ ಹಾಕಿದ.
ಕೀಳುವ ಕೆಲಸದಲ್ಲಿ ಪ್ರಾಮಾಣಿಕ, ಅಷ್ಟನ್ನು ಒಪ್ಪಬೇಕು.

ಮೂರು ಚೆಕ್ಕು ಬರೆದೆ. ಮೂರಕ್ಕೂ ನಕಲು ಇದೆ.
ಡುಲೂತಿನ ಈ ಕಡಿದಾದ ಬೀದಿಗಳಲ್ಲಿ
ಇಪ್ಪತ್ತಾರು ವರ್ಷ ಶಾಲೆಯ ಬಸ್ಸು ಓಡಿಸಿದವಳು,
ಇಳಿದ ಮಕ್ಕಳನ್ನು ಎಣಿಸದೆ ಬಾಗಿಲು ಮುಚ್ಚಿದ್ದಿಲ್ಲ.
ನನ್ನ ದುಡ್ಡು ಎಲ್ಲಿ ಇಳಿಯಿತು ಅಂತ ಮಾತ್ರ
ಕನ್ನಡಿಯಲ್ಲೂ ನೋಡಲಿಲ್ಲ.

ಫೆಬ್ರವರಿಯಲ್ಲಿ ಅವನ ಫೋನು
ಮೊದಲು ಬಡಿದುಕೊಂಡಿತು, ಆಮೇಲೆ ಹಾಡಿತು,
ಆಮೇಲೆ ಈ ನಂಬರು ಯಾರದ್ದೂ ಅಲ್ಲ ಅಂದಿತು.
ಮಾರ್ಚಿನಲ್ಲಿ ಸಹಿ ಹಾಕಿಸಿಕೊಂಡು ಕೊಟ್ಟ ಲಕೋಟೆ:
ಟೈಲ್ಸ್ ಹಾಕಿದವನಿಗೆ ಹಣ ಮುಟ್ಟಿಲ್ಲ,
ಏಳು ಸಾವಿರದ ನಾನೂರು ಡಾಲರಿಗೆ
ನಿಮ್ಮ ಮನೆಯ ಮೇಲೆ ಲಿಯನ್.

ಲಿಯಾನ್ ಅಂತ ಒಬ್ಬ ಹುಡುಗ ನನ್ನ ಬಸ್ಸಿನಲ್ಲಿದ್ದ,
ಹಿಂದಿನ ಸೀಟು, ಸೀಟಿನಡಿಗೆ ಚ್ಯೂಯಿಂಗ್ ಗಮ್.
ಇದೂ ಹಾಗೇ ಅಂಟುವಂಥದ್ದು.
ಮಾರಲು ಹೋದರೂ ಅಂಟು, ಸತ್ತರೂ ಅಂಟು.

ವಕೀಲೆ ಬಿಡಿಸಿ ಹೇಳಿದಳು:
ಕೊಟ್ಟಿದ್ದೀರಿ, ಸರಿ. ಕೊಟ್ಟದ್ದು ಅವನಿಗೆ, ದುಡಿದದ್ದು ಇವನು.
ಬೆವರು ಗೋಡೆಯೊಳಗೆ ಹೋದ ಮೇಲೆ
ಗೋಡೆಯೇ ಸಾಲಗಾರ.
ಪ್ರತಿ ಚೆಕ್ಕಿಗೂ ಕೈಕೆಳಗಿನವರಿಂದ
ಬಿಡುಗಡೆ ಪತ್ರ ಕೇಳಬೇಕಿತ್ತು.
ಕೇಳಬೇಕಿತ್ತು.
ಈ ಒಂದು ಮಾತಿಗೆ ಅವಳಿಗೆ ಗಂಟೆಗೆ ಮುನ್ನೂರು.

ಸರೋವರದ ಹಿಮಗಡ್ಡೆ ಬಿರಿಯುತ್ತಿದ್ದ ಒಂದು ಸಂಜೆ
ಅವನೇ ಬಂದ, ಸೆಗುಂಡೋ ಗುವಾಮಾನ್.
ಬಯ್ಯಲು ಕೂಡಿಟ್ಟದ್ದೆಲ್ಲ ನಾಲಗೆಯ ತುದಿಯಲ್ಲಿತ್ತು.
ಕೇಳದೆಯೇ ಶೂ ಬಿಚ್ಚಿದ,
ಕೆಲಸ ಒಮ್ಮೆ ನೋಡಬಹುದೇ ಅಂದ.

ಮೊಣಕಾಲೂರಿ, ಬೆರಳ ಗೆಣ್ಣಿನಿಂದ ಒಂದೊಂದೇ ಟೈಲ್ಸ್ ತಟ್ಟಿ
ಕಿವಿಗೊಟ್ಟ, ಕಲ್ಲಂಗಡಿ ಆರಿಸುವವರ ಹಾಗೆ.
ಟಣ್. ಟಣ್. ಟಣ್. ಡಬ್.
‘ಇದು ಟೊಳ್ಳು’ ಅಂದ, ಮುಖ ಕೆಂಪಾಯಿತು.
ಮನೆಯನ್ನೇ ಹಿಡಿದುಕೊಂಡಾಗ ಬಾರದ ನಾಚಿಕೆ
ಅಂಗೈಯಗಲದ ಒಂದು ಟೈಲ್ಸಿಗೆ ಬಂತು.
ಚೀಲದಿಂದ ಉಳಿ ತೆಗೆದ.

ದುಡ್ಡು ಬರದೆ ಯಾಕೆ ಮುಟ್ಟುತ್ತೀ, ಅಂದೆ.
ದುಡ್ಡು ವೆಂಡೆಲ್‌ನ ತಪ್ಪು, ಅಂದ.
ಡಬ್ ನನ್ನದು.

ಮೆಟ್ಟಿಲ ಮೇಲೆ ಕೂತು ಕಾಫಿ ಕುಡಿದೆವು.
ಅವನಿಗೆ ಇನ್ನೂ ಎರಡು ಮನೆಗಳ ಬಾಕಿ,
ಅಂಟು, ಸಿಮೆಂಟು ಎಲ್ಲ ಹೆಂಡತಿಯ ಕಾರ್ಡಿನಲ್ಲಿ.
ನನಗೆ ಸೌನಾದ ಒಲೆ ಇಲ್ಲ, ಬಾಗಿಲಿಲ್ಲ,
ಉಳಿತಾಯದ ಪುಸ್ತಕದಲ್ಲಿ ಕೊನೆಯ ಎರಡು ಪುಟ.
ನಾಲ್ಕು ಕಂತು. ಕಂತಿಗೊಂದು ಬಿಡುಗಡೆ ಪತ್ರ.
ಗೆಳೆಯರಾದೆವು ಅನ್ನಲಾರೆ.
ಅವನು ಒಂದು ಡಾಲರೂ ಬಿಡಲಿಲ್ಲ,
ನಾನು ಒಂದು ಸಹಿಯೂ ಬಿಡಲಿಲ್ಲ.
ವೆಂಡೆಲ್ ಮೇಲೆ ದಾವೆ ಹೂಡಿದ್ದೇವೆ, ಬೇರೆ ಬೇರೆ.
ಅವನು ಅರಿಜೋನಾದಲ್ಲಿ ಈಜುಕೊಳ ಕಟ್ಟುತ್ತಾನಂತೆ.

ಸೆಪ್ಟೆಂಬರಿನಲ್ಲಿ ಕೊನೆಯ ಪತ್ರ ಹಿಡಿದು
ಕೌಂಟಿ ಕಚೇರಿಗೆ ಹೋದೆ.
ಅಳಿಸಿಬಿಡಿ, ಅಂದೆ.
ಗಾಜಿನಾಚೆಯ ಹುಡುಗ ತಲೆ ಎತ್ತದೆ ಹೇಳಿದ:
ಇಲ್ಲಿ ಅಳಿಸುವ ಪದ್ಧತಿ ಇಲ್ಲ ಮೇಡಂ,
ಕೆಳಗೆ ಬರೆಯುತ್ತೇವೆ.
ಹಿಡಿದದ್ದೂ ಇರುತ್ತದೆ, ತೀರಿದ್ದೂ ಇರುತ್ತದೆ.
ನಲವತ್ತಾರು ಡಾಲರು.

ಅದನ್ನೂ ನಾನೇ ಕೊಟ್ಟೆ.
ರಸೀದಿ ಕೈಗೆ ಬರುವವರೆಗೆ
ಕಿಟಕಿ ಬಿಟ್ಟು ಕದಲಲಿಲ್ಲ.